ಹಳೆಯ ಹಗ್ಗ

ಐಡಿಯನ್ನು ಏಳು ಸಾವಿರದ ನಾನೂರಕ್ಕೆ ಮಾರಿದೆ.
ಸಂತೆಪೇಟೆಯ ಮೊಬೈಲ್ ಅಂಗಡಿ, ಗಾಜಿನ ಕೌಂಟರು,
ಅದರ ಮೇಲೆ ಅರ್ಧ ಕುಡಿದ ಟೀ, ಯಾರದೋ ಫೋನಿನ ಬಿಚ್ಚಿಟ್ಟ ಕರುಳು.
ಮುದಸ್ಸಿರ್ ನಡುವೆ ಕೂತು ಇನ್ನೂರು ಹಿಡಿದುಕೊಂಡ.
ಹುಡುಗ ಆಲೂರಿನವನು, ಧರಣೇಶ.
ಐವತ್ತರ ನೋಟುಗಳೇ ಹೆಚ್ಚು, ಒಂದಕ್ಕೆ ಅರಿಶಿನ ಅಂಟಿತ್ತು;
ಎಲ್ಲಿಂದ ತಂದೆ ಅಂತ ನಾನು ಕೇಳಲಿಲ್ಲ.
ಯಾಕೆ ಮಾರ್ತಿದೀರಿ ಅಂತ ಅವನೂ ಕೇಳಲಿಲ್ಲ.
ದವಡೆ ಹಲ್ಲು. ರೂಟ್ ಕೆನಾಲು, ಮೇಲೊಂದು ಕ್ಯಾಪು.

ಮಾರಿದ್ದೇನು ಅಂತ ಅಮ್ಮ ಕೇಳಿದರೆ ತೋರಿಸಲು ಏನೂ ಇಲ್ಲ:
ಇಲ್ಲದ ಊರಿನಲ್ಲಿ ಇಲ್ಲದ ಒಬ್ಬ ಭಟ,
ಎಪ್ಪತ್ತೊಂದನೇ ಲೆವೆಲ್ಲು, ಹನ್ನೆರಡು ಕತ್ತಿ,
ಬೆನ್ನಿಗೆ ನೀಲಿ ಗುರಾಣಿ.
ಮೂರು ವರ್ಷದ ರಾತ್ರಿಪಾಳಿ.
ಆಲೂಗಡ್ಡೆಯ ಕೋಲ್ಡ್ ಸ್ಟೋರೇಜಿನಲ್ಲಿ ಗಂಟೆಗೊಮ್ಮೆ
ಮಾಪಕ ನೋಡಿ ಬುಕ್ಕಿನಲ್ಲಿ ಬರೆಯುವುದು,
ಮೂರೂವರೆ, ನಾಲ್ಕು, ಮೂರೂವರೆ.
ನಡುವಿನ ಐವತ್ತೈದು ನಿಮಿಷ
ಸ್ವೆಟರಿನ ತೋಳಿನಿಂದ ಎರಡು ಹೆಬ್ಬೆರಳು ಮಾತ್ರ ಹೊರಗೆ.
ಚೀಲಗಳ ಕತ್ತಲಲ್ಲಿ ಬೀಜ ನಿದ್ದೆ ಮಾಡುತ್ತಿತ್ತು,
ನಾನು ಯುದ್ಧ ಮಾಡುತ್ತಿದ್ದೆ.

ಕಂಪನಿಯ ಷರತ್ತಿನಲ್ಲಿ ಬರೆದಿದೆಯಂತೆ: ಇದು ನಿನ್ನದಲ್ಲ,
ಆಡಲಿಕ್ಕೆ ಕೊಟ್ಟದ್ದು, ಮಾರುವಂತಿಲ್ಲ.
ಓದದೇ ಒಪ್ಪಿದ್ದೆ. ಎಲ್ಲರೂ ಒಪ್ಪುವುದೇ ಹಾಗೆ.
ನಿದ್ದೆ ನನ್ನದು, ಕಣ್ಣುರಿ ನನ್ನದು,
ಗದ್ದೆ ಯಾರದಾದರೇನು, ನಾಟಿ ಹಾಕಿದ ಕೈಗೆ ಪಾಲಿಲ್ಲವೇ
ಅಂತ ವಾದ ಹೂಡಿ ಗೆದ್ದೆ.
ಎದುರಿಗೆ ಯಾರೂ ಇರಲಿಲ್ಲ.

ಆದರೆ ಆ ನೀಲಿ ಗುರಾಣಿ.
ಅದು ನಾನು ಗೆದ್ದದ್ದಲ್ಲ, ಮಿಣುಕು ಕೊಟ್ಟದ್ದು.
ಮಿಣುಕು ಯಾರೋ, ಗಂಡೋ ಹೆಣ್ಣೋ, ಬೀದರೋ ಬಂಟ್ವಾಳವೋ;
ರಾತ್ರಿ ಎರಡೂಕಾಲಿಗೆ ಸರಿಯಾಗಿ ಬರೆಯುವುದು:
ಅಣ್ಣ, ಊಟ ಆಯ್ತಾ?
ನಲವತ್ತು ರಾತ್ರಿ ಕಾದು ಪಡೆದದ್ದನ್ನು
ನಿನಗೇ ಒಪ್ಪುತ್ತೆ ಅಂತ ಒಂದೇ ಮಾತಿಗೆ ಕೊಟ್ಟುಬಿಟ್ಟಿತ್ತು.
ರೇಟು ಕಟ್ಟುವಾಗ ಮುದಸ್ಸಿರ್ ಅಂದ,
ಗುರಾಣಿ ಇರೋದಕ್ಕೇ ಇಷ್ಟು. ಇಲ್ಲಾಂದ್ರೆ ಮೂರು ಸಾವಿರ.

ನಾಲ್ಕನೇ ದಿನ ಧರಣೇಶನ ಫೋನು:
'ಇಲ್ಲಿ ಮಿಣುಕು ಅಂತ ಒಬ್ರು, ದಿನಾ ಊಟ ಕೇಳ್ತಾರೆ.
ಏನ್ ಹೇಳ್ಬೇಕೋ ತಿಳೀಲಿಲ್ಲ, ಆಯ್ತು ಅಂದೆ.
ಹಲ್ಲುನೋವು ಹೆಂಗಿದೆ ಅಂದ್ರು.
ಅದಕ್ಕೂ ಆಯ್ತು ಅಂದೆ.'

ನನ್ನ ಮಾವ ದನದ ದಲ್ಲಾಳಿ.
ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವವನು
ಒಂದು ಮಾತು ತಪ್ಪುತ್ತಿರಲಿಲ್ಲ: ಹಸು ಕೊಡು, ಹಗ್ಗ ಕೊಡಬೇಡ.
ಕೊಂಡವನು ತನ್ನ ಹಗ್ಗ ತರಬೇಕು.
ಹಳೆಯದು ಮನೆಗೆ ಬಂದು ಗೂಟಕ್ಕೆ ಸುತ್ತಿಕೊಳ್ಳುತ್ತಿತ್ತು,
ಕೊಟ್ಟಿಗೆ ಬರಿದಾಗಬಾರದೆಂದು.
ಚಾಳಿ ಇದ್ದರೆ ಮೊದಲೇ ಹೇಳುತ್ತಿದ್ದ, 'ಒದೆಯುತ್ತೆ, ನೋಡ್ಕೋ.'
ನಾನು ಧರಣೇಶನಿಗೆ ಮಿಣುಕು ಇದೆ ಅಂತ ಹೇಳಿರಲಿಲ್ಲ.
ಮಿಣುಕಿಗೆ ನಾನಿಲ್ಲ ಅಂತಲೂ.

ಈ ವ್ಯಾಪಾರದಲ್ಲೂ ಹಗ್ಗ ನನ್ನ ಕೈಯಲ್ಲೇ ಉಳಿದಿದೆ.
ಅವನು ಬೇರೆ ಫೋನಿನಲ್ಲಿ ತೆರೆದಾಗಲೆಲ್ಲ
ಆರು ಅಂಕಿ ಬರುವುದು ನನ್ನ ನಂಬರಿಗೆ.
ಬದಲಿಸಿಕೊಡೋಣ ಅಂದದ್ದಕ್ಕೆ ಮುದಸ್ಸಿರ್ ಕಣ್ಣು ಮಿಟುಕಿಸಿದ್ದ:
ಅವಸರ ಏನು? ಒಂದೇ ಐಡೀನ ಮೂರು ಸಲ ಮಾರಿದವರಿದ್ದಾರೆ ಇಲ್ಲಿ.
ಹುಡುಗರು ಸ್ಟೇಷನ್ನಿಗೆ ಹೋಗಲ್ಲ, ಹೋದ್ರೂ
ಏನು ಕಳೀತು ಅಂತ ಬರೆಸ್ತಾರೆ?
ಒಂದು ಎಳೆತ. ಅಷ್ಟೇ.
ಗುರಾಣಿ ಸಮೇತ ಮನೆಗೆ.

ಈಗ ಎರಡು ಹತ್ತು. ಮಾಪಕ ನಾಲ್ಕು ಅನ್ನುತ್ತಿದೆ.
ಪರದೆಯ ಮೇಲೆ ಆರು ಅಂಕಿ, ಹತ್ತು ನಿಮಿಷ ಆಯಸ್ಸು.
ಧರಣೇಶ ಎರಡು ಮಿಸ್ಡ್ ಕಾಲ್ ಕೊಟ್ಟ.
ಹಲ್ಲು ನೋಯುತ್ತಿಲ್ಲ. ಕ್ಯಾಪಿನ ಮೇಲೆ ನಾಲಿಗೆ ಆಡಿಸುತ್ತೇನೆ,
ನುಣ್ಣಗಿದೆ, ನನ್ನದಲ್ಲದ ಹಾಗೆ.
ಇನ್ನೈದು ನಿಮಿಷಕ್ಕೆ ಮಿಣುಕು ಬರುತ್ತೆ.

ಫೋನು ಹಚ್ಚಿ ಅಂಕಿ ಓದಿದೆ, ಒಂದೊಂದೇ, ಬಿಡಿಸಿ.
ಬರ್ಕೊಂಡ್ಯಾ? ಹೂಂ.
ನಾಳೆ ಬಾ, ನಂಬರೂ ನಿಂದೇ ಹಾಕಿಸಿಕೊಡ್ತೀನಿ.
ಆಮೇಲೆ ತುಸು ಹೊತ್ತು ಬೀಜದ ಚೀಲ ನೋಡುತ್ತ ನಿಂತು
ಊಟ ಕೇಳಿದ್ರೆ ಇವತ್ತು ಆಯ್ತು ಅನ್ನಬೇಡ, ಅಂದೆ.
ಮತ್ತೇನನ್ಲಿ?
ಗೊತ್ತಿಲ್ಲ ಕಣೋ.
ನಿನ್ನ ಹೆಸರು ಹೇಳು.